ಕಾಲಿಗೆ ತಗುಲಿದ ಎರಡು ರನ್

ಇದನ್ನು ಹೇಳುವುದನ್ನು ಮುಂದೂಡುತ್ತಲೇ ಬಂದೆ. ಕ್ರಿಕೆಟ್ ಲೆಕ್ಕವನ್ನೇ ಉದ್ಯೋಗ ಮಾಡಿಕೊಳ್ಳುತ್ತೇನೆಂದು ಹಟ ಹಿಡಿದಿರುವ ಮೊಮ್ಮಗಳು ಇವತ್ತು ಪಕ್ಕದಲ್ಲಿ ಕೂತು ಪೆನ್ಸಿಲ್ ಹೆರೆದಾಗ, ಆ ವಾಸನೆಗೆ ಚಿಕ್ಕಂದಿನಲ್ಲಿ ನಾವಿದ್ದ ಸಾರಕ್ಕಿಯ ಒಂದು ಮಧ್ಯಾಹ್ನ ನೆನಪಾಯಿತು.

ಕೆರೆಬಯಲಿನ ಮ್ಯಾಚಿಗೆ ನನ್ನ ಸರೋಜಕ್ಕ ಪೆನ್ಸಿಲಿನಲ್ಲಿ ಸ್ಕೋರು ಬರೆಯುತ್ತಿದ್ದಳು. ಐವತ್ತು ಹೊಡೆದೆನೆಂದು ನಾನು ಕುಣಿದೆ.

"ನಲವತ್ತೆಂಟು ಕಣೋ. ಕೊನೇ ಎರಡು ಕಾಲಿಗೆ ತಗುಲಿ ಹೋಗಿದ್ದು. ಅದು ಟೀಮಿಗೆ, ನಿಂಗಲ್ಲ."

"ಬ್ಯಾಟಿಗೇ ತಗುಲ್ತು. ತಮ್ಮನಿಗೆ ಎರಡು ರನ್ ಕೊಡಕ್ಕಾಗಲ್ವಾ?"

"ಬ್ಯಾಟಲ್ಲಿ ಹೊಡಿ, ಬರ್ಕೋತೀನಿ."

ಹುಡುಗರು ನಕ್ಕರು. ನಾನು ಮನೆಗೆ ಓಡಿ, ಅಕ್ಕ ಸುಳ್ಳು ಲೆಕ್ಕ ಬರೆದು ಎಲ್ಲರೆದುರು ನನ್ನ ಮಾನ ಕಳೆದಳೆಂದು ಅಪ್ಪನಿಗೆ ಹೇಳಿದೆ. ಅಪ್ಪ ಅವಳ ಸ್ಕೋರು ಪುಸ್ತಕವನ್ನು ಹಂಡೆಯ ಒಲೆಗೆ ಹಾಕಿದರು.

"ಗಂಡುಹುಡುಗರ ಆಟದ ಲೆಕ್ಕ ನಿಂಗ್ಯಾಕಮ್ಮ? ಇನ್ಮೇಲೆ ಬಯಲಿಗೆ ಹೋಗಕೂಡದು."

ಅಕ್ಕ ಅಳಲಿಲ್ಲ. ಉರಿಯುವ ಹಾಳೆಗಳನ್ನೇ ನೋಡುತ್ತಾ ಹೇಳಿದಳು: "ಸುಟ್ರೆ ಐವತ್ತಾಗಲ್ಲಪ್ಪ, ಅದು ನಲವತ್ತೆಂಟೇ. ನಾನು ದೊಡ್ಡ ಸ್ಟೇಡಿಯಂನಲ್ಲಿ ಕೂತು ಇದೇ ಕೆಲಸ ಮಾಡ್ತೀನಿ."

ಅವಳನ್ನು ಮತ್ತೆ ಬಯಲಿಗೂ ಯಾರೂ ಬಿಡಲಿಲ್ಲ.

ಅವತ್ತು ಒಲೆಯ ಮುಂದೆ ನಾನು ಚಡ್ಡಿಯಲ್ಲಿದ್ದೆ. ಚೆಂಡು ತಗುಲಿ ಊದಿದ್ದ ಕಾಲನ್ನು ಅಪ್ಪನಿಗೆ ಕಾಣದಂತೆ ಇನ್ನೊಂದು ಕಾಲಿನ ಹಿಂದೆ ಮರೆಮಾಡಿಕೊಂಡು ನಿಂತಿದ್ದೆ, ಸರೋಜಕ್ಕ.