ಹನ್ನೆರಡನೇ ಸಾಲಿನ ಗಂಗಮ್ಮ

ಇದನ್ನು ಕೊನೆಯವರೆಗೂ ಓದಿ, ಆಮೇಲೆ ಬೇರೆಯವರಿಗೆ ಕಳಿಸಿ... ಅರ್ಧಕ್ಕೇ ತೀರ್ಪು ಕೊಟ್ಟುಬಿಡುವವರ ಕಥೆಯೇ ಇದು.

ಒಂದು ಊರಿನ ಕಲ್ಯಾಣ ಮಂಟಪದಲ್ಲಿ ಉಚಿತ ಕಣ್ಣಿನ ಶಿಬಿರ ನಡೆದಿತ್ತು. ಮೊದಲ ದಿನ ತಪಾಸಣೆ, ಆಸ್ಪತ್ರೆಯ ಲ್ಯಾಬ್‌ಗೆ ಕಳಿಸಲು ರಕ್ತದ ಮಾದರಿ... ಮರುದಿನ ಪೊರೆ ಆಪರೇಷನ್‌ಗೆ ಆಯ್ಕೆಯಾದವರನ್ನು ಬಸ್ಸಿನಲ್ಲಿ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಕರೆದೊಯ್ಯಬೇಕು.

ಶಿಬಿರದ ಊಟದ ಖರ್ಚು ಸಿಮೆಂಟ್ ಅಂಗಡಿಯ ಓಂಕಾರಪ್ಪನದು. ಕೆಟ್ಟ ಮನುಷ್ಯನಲ್ಲ... ಆದರೆ ಯಾರನ್ನೂ ನಂಬುವವನಲ್ಲ.

ಹೋಟೆಲಿನಲ್ಲಿ ಟೀ ಕೊಟ್ಟರೆ, ಹಾಲಿಗೆ ನೀರು ಬೆರೆಸಿದ್ದಾರೇನೋ ಎಂದು ಲೋಟವನ್ನು ಬೆಳಕಿಗೆ ಹಿಡಿದು ನೋಡುವ ಜಾತಿ.

ಆತನ ತಾಯಿ ಗಂಗಮ್ಮನೂ ಆಪರೇಷನ್ ಪಟ್ಟಿಯಲ್ಲಿದ್ದಳು. ಹಿಂದಿನ ದಿನ ಅವಳಿಗೆ ಕೊಟ್ಟ ಚೀಟಿಯಲ್ಲಿ ಒಂಬತ್ತನೇ ನಂಬರ್ ಇತ್ತು.

ಬೆಳಿಗ್ಗೆ ಗೋಡೆಗೆ ಅಂಟಿಸಿದ ಪಟ್ಟಿ ನೋಡಿದವನೇ ಮುಖ ಗಂಟಿಕ್ಕಿದ. ತಾಯಿಯ ಹೆಸರಿನ ಸಾಲಿನ ಎಡ ಅಂಚಿನಲ್ಲಿ ಹನ್ನೆರಡು ಎಂದಿತ್ತು... ಹಾಳೆಯ ಮೇಲ್ತುದಿಯಲ್ಲಿ ಎ, ಬಿ, ಸಿ, ಡಿ ಅಂತ ಬೇರೆ.

"ಏನಮ್ಮ, ನಮ್ಮವ್ವಂದು ಒಂಬತ್ತು. ಇಲ್ಲಿ ನೋಡಿದ್ರೆ ಹನ್ನೆರಡು ಐತೆ. ನಡುವೆ ತೂರಿಸಿದ ಆ ಮೂರು ಜನ ಯಾರು?"

ಕಂಪ್ಯೂಟರ್ ಮುಂದೆ ಕೂತಿದ್ದ ಶೀಲಾಬಾಯಿ ತಲೆ ಎತ್ತಿದಳು. ಪಟ್ಟಿ ತಯಾರಿಸಿದ್ದು ಅವಳೇ.

"ಯಾರ್ನೂ ತೂರಿಸಿಲ್ಲ ಸಾವ್ಕಾರ್ರೆ. ಒಳಗಡೆ ಒಂಬತ್ತು ಅಂತಾನೇ ಐತೆ ನೋಡ್ರಿ. ಅಂಚಿನಾಗಿರೋದು ಎಕ್ಸೆಲ್ ಸಾಲಿನ ನಂಬರು. ಶಿಬಿರದ ಹೆಸರು, ತಾರೀಕು, ತಲೆಬರಹ ಅಂತ ಮೇಲಿನ ಮೂರು ಸಾಲು ಹೋಗೈತೆ."

"ಮತ್ತೆ ಈ ಎ, ಬಿ, ಸಿ? ಎ ಅಂದ್ರೆ ದೊಡ್ಡ ಡಾಕ್ಟ್ರು... ಡಿ ಅಂದ್ರೆ ಕಲಿಯೋ ಹುಡುಗ್ರು ಬಂದು ಕುಯ್ಯೋದಾ?"

ಅಷ್ಟು ಕೇಳಿದ್ದೇ ತಡ, ಜನ ಗುಂಪುಗೂಡಿದರು. "ನಂದು ಯಾವ ಲೆಟರ್‌ನಾಗೈತೆ ನೋಡಪ್ಪ..." "ನಂಗೂ ಬೆಳಿಗ್ಗಿಂದ ಡೌಟೇ ಇತ್ತು..."

"ಅದು ಕಾಲಂ ಹೆಸರು. ನಾನೇ ಬೇಕು ಅಂತ ಪ್ರಿಂಟ್ ಹಾಕಿಸಿದ್ದು. ಆಸ್ಪತ್ರೆಗೂ ಇದೇ ಹಾಳೆ ಹೋಗೈತೆ. ಪಟ್ಟಿನಾಗೆ ಇಬ್ರು ಗಂಗಮ್ಮ ಅದಾರೆ, ಆಮೇಲೆ ಅವರು ಫೋನ್ ಮಾಡಿದ್ರೆ..."

ಓಂಕಾರಪ್ಪ ಮುಂದೆ ಹೇಳಲು ಬಿಡಲಿಲ್ಲ. ಪಟ್ಟಿಯನ್ನು ಗೋಡೆಯಿಂದ ಕಿತ್ತು, ಹರಿದು, ಬುಟ್ಟಿಗೆ ಎಸೆದ.

"ನಿನ್ನ ಕಥೆ ಬ್ಯಾಡ. ಆ ಅಕ್ಷರ, ಆ ನಂಬರು ತೆಗೆದು ಹೊಸ ಪ್ರಿಂಟ್ ಕೊಡು."

ಅವಳಿಗೂ ಸಿಟ್ಟು ಬಂತು. "ಆತು, ತೆಗೀತೀನಿ. ಆಮೇಲೆ ನನ್ನ ಕೇಳಬ್ಯಾಡ್ರಿ."

ಹೊಸ ಹಾಳೆ ಬಂತು. ಅಂಚಿನ ನಂಬರೂ ಇಲ್ಲ, ಅಕ್ಷರವೂ ಇಲ್ಲ, ಉಳಿದದ್ದು ಒಳಗಿನ ಕ್ರಮ ಸಂಖ್ಯೆ ಮಾತ್ರ. ಶೀಲಾಬಾಯಿ ಬಸ್ಸಿನೊಳಗೆ ವಯಸ್ಸಾದವರನ್ನು ಕೂರಿಸಲು ಹೋದಳು.

ಆಗ ಮೇಜಿನ ಮೇಲಿದ್ದ ಶಿಬಿರದ ಫೋನ್ ರಿಂಗಾಯಿತು. ಇವಳಿಗೆ ಯಾರು ಫೋನ್ ಮಾಡುತ್ತಾರೆ ನೋಡೇಬಿಡೋಣ ಎಂದು ಓಂಕಾರಪ್ಪ ತಾನೇ ಎತ್ತಿದ.

"ಲ್ಯಾಬ್‌ನಿಂದ ಮಾತಾಡ್ತಿರೋದು. ಗಂಗಮ್ಮ, ಹನ್ನೆರಡನೇ ಸಾಲು. ಶುಗರ್ ವಿಪರೀತ ಇದೆ. ಈಗ ಆಪರೇಷನ್ ಮಾಡಿದ್ರೆ ಕಣ್ಣಿಗೇ ಅಪಾಯ. ಅವರನ್ನ ಬಸ್ ಹತ್ತಿಸಬೇಡಿ."

ಹೊಸ ಹಾಳೆ ನೋಡಿದ. ಹನ್ನೆರಡು... ಗಂಗಮ್ಮ. ಸಂತೆ ಬೀದಿಯಲ್ಲಿ ಹೂ ಕಟ್ಟುವ ಮುದುಕಿ.

ನೇರ ಹೋಗಿ ಅವಳನ್ನು ಬಸ್ಸಿನ ಸಾಲಿನಿಂದ ಈಚೆಗೆ ಕರೆದ.

"ನಿಂಗೆ ಸಕ್ಕರೆ ಜಾಸ್ತಿ ಐತಂತೆ. ಮುಂದಿನ ಸಲ ಬಾ."

"ನಂಗೆ ಸಕ್ಕರೆ ಕಾಯ್ಲೆ ಇಲ್ಲಪ್ಪ... ಯಾವತ್ತೂ ಇಲ್ಲ."

"ಬಸ್ ಹತ್ತೋಕೆ ಎಲ್ರೂ ಇಂಥ ಸುಳ್ಳೇ ಹೇಳೋದು. ನಡಿ."

ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಗೋಡೆ ತಡವುತ್ತಾ ಹೊರಟುಹೋದಳು.

ಶೀಲಾಬಾಯಿ ವಾಪಸ್ ಬಂದಾಗ ಓಂಕಾರಪ್ಪ ಹೇಳಿದ, "ಲ್ಯಾಬ್‌ನೋರು ಫೋನ್ ಮಾಡಿದ್ರು. ಹನ್ನೆರಡು, ಗಂಗಮ್ಮ. ಮನೆಗೆ ಕಳಿಸ್ದೆ."

ಅವಳ ಮುಖದ ಬಣ್ಣವೇ ಬದಲಾಯಿತು. "ಹನ್ನೆರಡು ಅಂದ್ರಾ... ಹನ್ನೆರಡನೇ ಸಾಲು ಅಂದ್ರಾ?"

"ಸಾಲು ಅಂದ್ರು. ಎರಡೂ ಒಂದೇ ಅಲ್ವಾ?"

ಅವಳು ಬುಟ್ಟಿಯಿಂದ ಹರಿದ ಚೂರುಗಳನ್ನು ತೆಗೆದು ಮೇಜಿನ ಮೇಲೆ ಜೋಡಿಸಿದಳು. ಅಂಚಿನ ಹನ್ನೆರಡರಿಂದ ಬೆರಳು ಒಳಗೆ ಸರಿಯಿತು...

ಕ್ರಮ ಸಂಖ್ಯೆ ಒಂಬತ್ತು. ಗಂಗಮ್ಮ. ಮಗನ ಹೆಸರು, ಓಂಕಾರಪ್ಪ.

ಹೊರಗೆ ಬಸ್ ಸ್ಟಾರ್ಟ್ ಆದ ಸದ್ದು ಕೇಳಿತು.

ಓಂಕಾರಪ್ಪ ಪಂಚೆ ಎತ್ತಿಕಟ್ಟಿ ಓಡಿದ. ಬಸ್ಸಿಗೆ ಅಡ್ಡ ನಿಂತು ಎರಡೂ ಕೈ ಚಾಚಿದ.

ತಾಯಿಯನ್ನು ಕೈಹಿಡಿದು ಇಳಿಸಿಕೊಂಡಾಗ ಅವಳು ಕೇಳಿದಳು, "ಯಾಕಪ್ಪ, ನನ್ನ ಸರದಿ ಹೋತಾ?"

"ಇಲ್ಲವ್ವ... ಕಣ್ಣು ಉಳೀತು," ಎಂದ.

"ನಾನು ಬರೋವರೆಗೂ ಹೊರಡಬ್ಯಾಡ" ಎಂದು ಡ್ರೈವರ್‌ಗೆ ಹೇಳಿ, ಸ್ಕೂಟರ್ ಹತ್ತಿದ.

ಹೂವಿನ ಗಂಗಮ್ಮ ಸಂತೆ ಬೀದಿಯ ತಿರುವಿನಲ್ಲಿ, ಮೋರಿಯ ಕಟ್ಟೆ ಮೇಲೆ ಒಬ್ಬಳೇ ಕೂತಿದ್ದಳು.

"ಅವ್ವಾ... ತಪ್ಪು ನಂದು. ಸಕ್ಕರೆ ಇರೋದು ನಮ್ಮವ್ವಂಗೆ. ಬಾ, ಬಸ್ ನಿನಗೋಸ್ಕರ ನಿಂತೈತೆ."

ಆಕೆಗೆ ಅವನ ಮುಖ ಕಾಣಲಿಲ್ಲ. ದನಿಯಿಂದಲೇ ಗುರುತು ಹಿಡಿದಳು.

"ಬಸ್ ತಪ್ಪಿದ್ದಕ್ಕೆ ಬೇಜಾರಿಲ್ಲ ಕಣಪ್ಪ... ಹೂವಿನ ಎಳೆ ಕಾಣದಿದ್ರೂ ಬೆರಳಿಗೆ ಗೊತ್ತಾಗ್ತದೆ, ಹೆಂಗೋ ಕಟ್ತೀನಿ. ಸುಳ್ಳು ಹೇಳ್ತೀಯ ಅಂದ್ಯಲ್ಲ... ಅದು ತಡಕಳಾಕೆ ಆಗ್ಲಿಲ್ಲ."

ಟೀ ಲೋಟವನ್ನೂ ನಂಬದ ಆ ಮನುಷ್ಯ, ಬೀದಿಯಲ್ಲಿ ಎಲ್ಲರೆದುರು ಮಗುವಿನಂತೆ ಅತ್ತುಬಿಟ್ಟ.

ಹೂವಿನ ಗಂಗಮ್ಮನನ್ನು ಕೂರಿಸಿಕೊಂಡು ಬಸ್ ಹೋದ ಮೇಲೆ ಆತ ಶೀಲಾಬಾಯಿ ಹತ್ತಿರ ಹೋಗಿ ನಿಂತ. "ಆ ನಂಬರು, ಆ ಅಕ್ಷರ ಎಲ್ಲಾ ಹಾಕಿ ಇನ್ನೊಂದು ಪ್ರಿಂಟ್ ಕೊಡಮ್ಮ."

ಗೋಂದು ಹಚ್ಚಿ ಗೋಡೆಗೆ ತಾನೇ ಅಂಟಿಸಿದ.

ಯಾರೋ ಒಬ್ಬ ಹತ್ತಿರ ಬಂದು ಅನುಮಾನದಿಂದ ಕೇಳಿದ, "ಇದೇನಣ್ಣ ಎ, ಬಿ, ಸಿ? ಏನೋ ಮಸಲತ್ತು ಇದ್ದಂಗೈತೆ."

ಓಂಕಾರಪ್ಪ ರೇಗಲಿಲ್ಲ. ಕುರ್ಚಿ ಎಳೆದು ಕೊಟ್ಟ.

"ಕುಂತ್ಕ... ಹೇಳ್ತೀನಿ. ಪೂರ್ತಿ ಕೇಳು."

ಅನುಮಾನ ಬಂದಾಗ ಕೇಳುವುದು ತಪ್ಪಲ್ಲ... ಉತ್ತರ ಮುಗಿಯುವ ಮೊದಲೇ ಹರಿದು ಎಸೆಯುವುದು ತಪ್ಪು.

ನೀವು ಕೊನೆಯ ಸಲ ಯಾರ ಮಾತನ್ನು ಅರ್ಧಕ್ಕೆ ನಿಲ್ಲಿಸಿದಿರಿ? ಅವರು ಏನು ಹೇಳಲು ಹೊರಟಿದ್ದರು ಅಂತ ಇವತ್ತಿಗಾದರೂ ಕೇಳಿದ್ದೀರಾ?