ಎದುರು ಗಾಡಿ

ಇವತ್ತೂ ಹೆಂಡತಿಯ ಫೋನು ಬ್ಯುಸಿ.

ಡ್ರೈವರ್ ಪೆಟ್ರೋಲ್ ಬಂಕಿನ ನೆರಳಿನಲ್ಲಿ ನಿಂತು ಮತ್ತೊಮ್ಮೆ ಒತ್ತಿ ನೋಡಿದ. ಅದೇ ಉತ್ತರ. ಬೆನ್ನ ಹಿಂದೆ ಟ್ರೈಲರಿನ ಕೂಲಿಂಗ್ ಯಂತ್ರ ಗುಂಯ್‌ಗುಡುತ್ತಿತ್ತು. ಒಳಗೆ ಮೀನು, ಮೈನಸ್ ಹದಿನೆಂಟು. ಅವನ ತಲೆ ಮಾತ್ರ ಕಾದ ಕಾವಲಿಯಾಗಿತ್ತು.

ಒಂದೆರಡು ದಿನದ ಮಾತಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎರಡು ತಿಂಗಳಿಂದ ಇದೇ ಕಥೆ. ಮಧ್ಯಾಹ್ನ ಊಟ ಮುಗಿಸಿ, ಬೆಟ್ಟ ಹತ್ತುವ ಮುಂಚೆ ಮಾಡಿದರೆ ಬ್ಯುಸಿ. ಗಾಡಿ ಓಡಿಸುವಾಗ ಅವನು ಫೋನ್ ಮುಟ್ಟುವವನಲ್ಲ, ಹೆಂಡತಿಯೇ ಮಾಡಿದರೂ ಎತ್ತುವುದಿಲ್ಲ. ಬೆಟ್ಟದ ಇಕ್ಕಟ್ಟು ರಸ್ತೆ ದಾಟಿ, ಆಚೆಯ ಚಹಾ ಅಂಗಡಿಯ ಮುಂದೆ ನಿಲ್ಲಿಸಿ ಮಾಡಿದರೆ ಮೊದಲ ರಿಂಗಿಗೇ ಎತ್ತುತ್ತಾಳೆ. ದನಿಯಲ್ಲಿ ಎಂಥದೋ ಗೆಲುವು ಬೇರೆ. ಯಾರ ಜೊತೆ ಅಷ್ಟು ಹೊತ್ತು ಮಾತು ಎಂದು ಕೇಳಿದ್ದಕ್ಕೆ ಅಕ್ಕನ ಜೊತೆ ಎಂದಿದ್ದಳು. ಅವನು ಆ ಅಕ್ಕನಿಗೇ ಫೋನ್ ಹಚ್ಚಿದ. ತಂಗಿ ತನ್ನನ್ನು ಮರೆತೇಬಿಟ್ಟಿದ್ದಾಳೆ, ಫೋನ್ ಮಾಡಿ ತಿಂಗಳಾಯಿತು ಎಂದು ಆಕೆ ಗೊಣಗಿದಳು.

ಅಂದಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ.

ಬಂಕಿನಿಂದ ಹೊರಟು ಬೆಟ್ಟ ಹತ್ತಿದರೆ, ಮೇಲೆ ಎಲ್ಲೋ ಲಾರಿ ಕೆಟ್ಟು ನಿಂತಿತ್ತು. ಎರಡೂ ಕಡೆಯ ಗಾಡಿಗಳು ಆಮೆಯ ಹಾಗೆ ತೆವಳುತ್ತಿದ್ದವು. ಎದುರಿನಿಂದ ಬಂದ ಐಸ್‌ಕ್ರೀಮ್ ಟ್ರೈಲರ್ ಅವನ ಪಕ್ಕಕ್ಕೇ ನಿಂತಿತು. ಅದೇ ಕಂಪನಿಯ ಗಾಡಿ, ಓಡಿಸುವವನು ಕ್ರಾಪು. ಜೇಬಿನಲ್ಲಿ ಸದಾ ಬಾಚಣಿಗೆ ಇಟ್ಟುಕೊಳ್ಳುವ ಆ ಪಡ್ಡೆಗೆ ಯಾರ್ಡಿನವರೆಲ್ಲ ಸೇರಿ ಇಟ್ಟ ಹೆಸರು. ಇಬ್ಬರ ಕಿಟಕಿಗಳ ನಡುವೆ ಒಂದು ಮಾರು ಜಾಗವೂ ಇರಲಿಲ್ಲ. ಕ್ರಾಪುವಿನ ಫೋನು ಸ್ಟೀರಿಂಗಿನ ಪಕ್ಕದಲ್ಲಿ ಸ್ಪೀಕರ್ ಹಾಕಿಕೊಂಡು ಮಾತಾಡುತ್ತಿತ್ತು.

"ನಮ್ಮವರು ದಾಟಿ ಹೋದ್ರಾ?"

ಹೆಂಡತಿಯ ದನಿ. ಒಂಬತ್ತು ವರ್ಷ ಸಂಸಾರ ಮಾಡಿದವನಿಗೆ ಅಷ್ಟೂ ತಿಳಿಯದೇ?

ಕ್ರಾಪು ಕಿಟಕಿಯಾಚೆ ಅವನ ಮುಖ ಕಂಡವನೇ, "ಇಗೋ, ಬಂದ್ರು. ಇಡ್ತೀನಿ" ಎಂದು ಫೋನ್ ಕಟ್ ಮಾಡಿದ. ಆಮೇಲೆ ಹಲ್ಲು ಕಿರಿದು ಸಲಾಂ ಹೊಡೆದ. ಅಷ್ಟರಲ್ಲಿ ಮುಂದಿನ ಗಾಡಿ ಚಲಿಸಿತು, ಹಿಂದಿನವನು ಹಾರ್ನ್ ಒತ್ತಿದ. ಇಳಿದು ಹೋಗಿ ಕಾಲರ್ ಹಿಡಿಯಲೂ ಆಗಲಿಲ್ಲ.

ಅಂದು ದಾರಿಯುದ್ದಕ್ಕೂ ಟ್ರೈಲರಿನ ಉಷ್ಣತೆ ನೋಡುವುದನ್ನೇ ಮರೆತ. ನೆನಪಾದದ್ದೆಲ್ಲ ತನ್ನ ಪೆದ್ದುತನವೇ. ಕ್ರಾಪುವನ್ನು ಮನೆಯೊಳಗೆ ಬಿಟ್ಟುಕೊಂಡವನು ತಾನೇ ಅಲ್ಲವೇ? ಎರಡು ತಿಂಗಳ ಹಿಂದೆ ಅದೇ ಬೆಟ್ಟದ ತಿರುವಿನಲ್ಲಿ ಕ್ರಾಪುವಿನ ಗಾಡಿ ಉಜ್ಜಿಕೊಂಡು ಹೋಗಿ ತನ್ನ ಗಾಡಿಯ ಕನ್ನಡಿ ಕಿತ್ತುಹೋಗಿತ್ತು. ಮನೆಗೆ ಬಂದು ಅದನ್ನೊಂದು ತಮಾಷೆಯ ಹಾಗೆ ಹೇಳಿದ್ದ. ಹೆಂಡತಿ ಕನ್ನಡಿಯ ಸುದ್ದಿ ಬಿಟ್ಟು ಕ್ರಾಪುವಿನ ಸುದ್ದಿ ಹಿಡಿದುಕೊಂಡಳು. ಅವನಿಗೆ ವಯಸ್ಸೆಷ್ಟು, ಊಟ ಎಲ್ಲಿ, ಬೆಟ್ಟಕ್ಕೆ ಬರುವುದು ಎಷ್ಟು ಹೊತ್ತಿಗೆ? ರಾತ್ರಿಯಿಡೀ ಒಂದೇ ಸಮ ಓಡಿಸಿಕೊಂಡು ಬರುತ್ತಾನೆ, ಐಸ್‌ಕ್ರೀಮ್ ಯಾರಿಗೂ ಕಾಯುವುದಿಲ್ಲ ನೋಡು ಎಂದು ಇವನೇ ಹೊಗಳಿದ್ದ. ಕೊನೆಗೆ ನಂಬರ್ ಕೇಳಿದಳು. ಕನ್ನಡಿಯ ದುಡ್ಡು ವಸೂಲಿ ಮಾಡುತ್ತಾಳೇನೋ ಎಂದುಕೊಂಡು ಅದನ್ನೂ ಕೊಟ್ಟಿದ್ದ. ಈಗ ಆ ಬಾಚಣಿಗೆ, ಆ ಹಲ್ಲು ಕಣ್ಣ ಮುಂದೆ ಬಂದಾಗಲೆಲ್ಲ ಅವನು ಸುಮ್ಮಸುಮ್ಮನೆ ಹಾರ್ನ್ ಒತ್ತುತ್ತಿದ್ದ.

ಮುಂದಿನ ಸರದಿಯ ದಿನ ಬೆಳಿಗ್ಗೆ ಟ್ರೈಲರ್ ಲೋಡ್ ಆಗಿ, ಬಾಗಿಲಿಗೆ ಸೀಲ್ ಬಿದ್ದ ಮೇಲೆ, ಹೊಟ್ಟೆನೋವು ಎಂದು ಮೇಸ್ತ್ರಿಗೆ ಹೇಳಿದ. ಹೋದ ತಿಂಗಳಷ್ಟೇ ಮದುವೆಯಾದ ಬದಲಿ ಡ್ರೈವರ್ ಗೊಣಗದೆ ಕೀಲಿ ಇಸಿದುಕೊಂಡ. ಇವನು ಬಸ್ಸು ಹತ್ತಿದ. ಮನೆಗೆ ತಿಳಿಸಲಿಲ್ಲ.

ಹಿತ್ತಿಲ ಬಾಗಿಲು ಅರ್ಧ ತೆರೆದಿತ್ತು. ಅಡುಗೆಮನೆಯಲ್ಲಿ ಹೆಂಡತಿ ನೆಲಕ್ಕೆ ಕೂತಿದ್ದಳು, ಫೋನು ಮುಂದಿನ ಸ್ಟೂಲಿನ ಮೇಲಿತ್ತು. ಅವಳ ತಟ್ಟೆಯಲ್ಲಿ ಕಲಸಿದ ಅನ್ನ ಹಾಗೇ ಒಣಗಿತ್ತು. ಕಣ್ಣು ಗೋಡೆ ಗಡಿಯಾರದ ಮೇಲೆ. ಫೋನಿನೊಳಗೆ ಕ್ರಾಪು ಶ್ರುತಿಯಿಲ್ಲದೆ, ಗಂಟಲು ಹರಿಯುವಂತೆ ಹಾಡುತ್ತಿದ್ದ.

"ನಿಲ್ಲಿಸಬೇಡ. ನೀನು ಹಾಡು, ನಾನು ಕೇಳ್ತೀನಿ" ಎಂದಳು.

ನೀನು! ಕಟ್ಟಿಕೊಂಡ ಗಂಡನಿಗೆ ಇವತ್ತಿಗೂ 'ನೀವು' ಎನ್ನುವವಳು ಆ ಪಡ್ಡೆಗೆ 'ನೀನು' ಅನ್ನುತ್ತಿದ್ದಾಳೆ. ಅವನು ಬಾಗಿಲನ್ನು ಒದ್ದೇ ಒಳಗೆ ಬಂದ.

ಹೆಂಡತಿಯ ಮುಖ ಸುಣ್ಣದಂತೆ ಬಿಳಿಚಿಕೊಂಡಿತು. ಕಳ್ಳಿ ಸಿಕ್ಕಿಬಿದ್ದಳು ಎಂದುಕೊಂಡ. ಅವಳು ಅಳಲಿಲ್ಲ, ಕಾಲು ಹಿಡಿಯಲಿಲ್ಲ. ಫೋನನ್ನು ಎದೆಗೆ ಒತ್ತಿಕೊಂಡು ಎದ್ದು ನಿಂತಳು. ಯಾಕೆ ಬಂದಿರಿ ಎಂದು ಕೂಡ ಕೇಳಲಿಲ್ಲ.

"ನಿಮ್ಮ ಗಾಡಿ ಯಾರು ತರ್ತಿದ್ದಾರೆ?"

"ಬದಲಿಯವನು. ಯಾಕೆ, ನಿಮ್ಮಿಬ್ಬರ ಲೆಕ್ಕ ತಪ್ಪಿತಾ?"

ಅವಳು ಮತ್ತೆ ನೆಲಕ್ಕೆ ಕೂತು, ಫೋನು ಕಿವಿಗಿಟ್ಟುಕೊಂಡಳು.

"ಕಣ್ಣು ಮುಚ್ಚಬೇಡ ಕಣಪ್ಪಾ, ಹಾಡ್ತಾ ಇರು. ನಮ್ಮವರು ಇವತ್ತು ಮನೇಲೇ ಇದ್ದಾರೆ, ಆದ್ರೆ ನಿನಗೆ ಎದುರಾಗಿ ಬರ್ತಿರೋ ಗಾಡೀಲಿ ಇನ್ಯಾರದೋ ಮನೆಯವರಿದ್ದಾರೆ."