ಕುಗ್ಗದ ಮೀನು

ಅಂಬಿಗ ಜವರಯ್ಯ ಬಾಯಿ ತೆರೆದರೆ ಕಾವೇರಿಯೂ ಹರಿಯುವುದನ್ನು ಬಿಟ್ಟು ನಿಂತು ಕೇಳುತ್ತಿದ್ದಳು. ಈಗ ಮಿದುಳಿನಲ್ಲಿ ಮಾತು ಹುಟ್ಟುವ ಜಾಗಕ್ಕೇ ಅಂಟಿಕೊಂಡು ಒಂದು ಗೆಡ್ಡೆ ಬೆಳೆದಿತ್ತು. ನೆತ್ತಿಯನ್ನಷ್ಟೇ ಸೂಜಿಯಿಂದ ಮರಗಟ್ಟಿಸಿ, ಆಸಾಮಿಯನ್ನು ಎಚ್ಚರವಾಗಿಯೇ ಮಲಗಿಸಿದ್ದರು. ಸರ್ಜನ್ ಗೆಡ್ಡೆ ತೆಗೆಯುವಷ್ಟು ಹೊತ್ತೂ ಅವನು ಮಾತಾಡುತ್ತಲೇ ಇರಬೇಕು. ಮಾತು ಹದ ತಪ್ಪಿದರೆ ಕೈ ಅಲ್ಲೇ ನಿಲ್ಲಬೇಕು, ಇಲ್ಲವೆಂದರೆ ಮಾತು ಹೋದಂತೆಯೇ. ಕಿವಿಗೊಡುವ ಕೆಲಸ ಅರಿವಳಿಕೆಯ ಡಾಕ್ಟರ್ ಮೃದುಲಾಳದು.

"ಆ ಮೀನಿನ ಕತೆ ಕೇಳಿ ಡಾಕ್ಟ್ರವ್ವ," ಎಂದಿದ್ದಳು ಅವನ ಹೆಂಡತಿ, ಬಾಗಿಲಲ್ಲಿ. "ಮದ್ವೆ ಆದಾಗಿಂದ ಬೆಳೀತಾನೇ ಅದೆ. ಒಂದಿನಾನೂ ಕುಗ್ಗಿಲ್ಲ."

"ತಲೆ ಹೇಗಿದೆ ಜವರಯ್ಯ?" ಎಂದಳು ಮೃದುಲಾ.

"ಅದೋ ಇಲ್ವೋ ಗೊತ್ತಾಯ್ತಿಲ್ಲ ಕಣವ್ವ. ಯಾರ್ದೋ ತಲೆ ಇಸ್ಕೊಂಡು ಬಂದು ಮಲಗ್ದಂಗದೆ."

"ಮೀನು ಎಷ್ಟಿತ್ತು?"

"ದೋಣಿಗಿಂತ ಉದ್ದ! ಎಳಿಯಕ್ಕೆ ಊರಿನ ಎತ್ತೆಲ್ಲ ಕಟ್ಟಿದ್ವಿ. ಅದು ಬಾಲ ಬಡಿದ ಏಟ್ಗೆ ಮೈಸೂರಲ್ಲಿ ಮಳೆ ಬಂತು."

ಸರ್ಜನ್ ಮಾಸ್ಕಿನೊಳಗೇ ನಕ್ಕು ಕೆಲಸ ಮುಂದುವರಿಸಿದರು.

"ಆಮೇಲೆ?"

"ಆಮೇಲೆ... ಅಂಗೈಯಷ್ಟಿತ್ತು."

"ಅಬ್ಬಾ, ಕೊನೆಗೂ ನಿಜ ಬಂತು!" ಎಂದು ನರ್ಸ್ ಕಿಸಕ್ಕನೆ ನಕ್ಕಳು.

ಮೃದುಲಾಳಿಗೆ ಬಾಗಿಲಲ್ಲಿ ಅವನ ಹೆಂಡತಿ ಹೇಳಿದ್ದು ನೆನಪಾಯಿತು. "ಸಾರ್, ನಿಲ್ಲಿಸಿ! ಕೈ ತೆಗೀರಿ!"

ಸರ್ಜನ್ ಕೈ ಹಿಂದಕ್ಕೆ ಎಳೆದುಕೊಂಡರು. ಗೋಡೆಯ ಗಡಿಯಾರ ಕೂಡ ಉಸಿರು ಬಿಗಿಹಿಡಿಯಿತು. ಜವರಯ್ಯ ನಿಧಾನವಾಗಿ ತುಟಿ ಒದ್ದೆ ಮಾಡಿಕೊಂಡ.

"ಪೂರ್ತಿ ಕೇಳವ್ವ. ಅಂಗೈಯಷ್ಟಿದ್ದಿದ್ದು ಅದ್ರ ಕಣ್ಣು."